ಕಫಕ್ಕೊಂದು ಕ್ಷಾರದ ಸ್ನಾನ

ಕಫದಲ್ಲಿ ಕೆಂಪು ಕಡ್ಡಿಯಂಥ ರೋಗಾಣು ಕಂಡರೆ ಟಿಬಿಯೇ ಅಂತ ತೀರ್ಮಾನಿಸುವವರು ಬಹಳ ಜನ. ಇದು ತಪ್ಪು. ಟಿಬಿ ರೋಗಾಣುವಿಗೆ ದಾಯಾದಿಗಳು ನೂರಾರು. ಮಣ್ಣಿನಲ್ಲಿ, ನಲ್ಲಿ ನೀರಿನಲ್ಲಿ, ಶವರ್ ಒಳಗಿನ ಲೋಳೆಯಲ್ಲಿ ಅವು ಬದುಕುತ್ತವೆ. ಅವಕ್ಕೆ ಎನ್‌ಟಿಎಂ, ಅಂದರೆ ಟಿಬಿಯದ್ದಲ್ಲದ ಮೈಕೋಬ್ಯಾಕ್ಟೀರಿಯಾ (ಟಿಬಿ ರೋಗಾಣುವಿನ ಕುಲದ ಹೆಸರು) ಎಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಯಾವುದೆಂದು ತಿಳಿಯಲು, ತಟ್ಟೆಯಲ್ಲಿ ಆಹಾರವಿಟ್ಟು ಅವನ್ನು ಬೆಳೆಸಿ ನೋಡುವುದು ಇಂದಿಗೂ ಮುಖ್ಯ ದಾರಿ.

ಆದರೆ ಕಫದಲ್ಲಿ ಬೇರೆ ಬ್ಯಾಕ್ಟೀರಿಯಾಗಳೂ ಕಿಕ್ಕಿರಿದಿರುತ್ತವೆ. ಒಂದೇ ರಾತ್ರಿಯಲ್ಲಿ ಅವು ತಟ್ಟೆಯನ್ನೆಲ್ಲ ಆವರಿಸುತ್ತವೆ. ಬೇಗ ಬೆಳೆಯುವ ಎನ್‌ಟಿಎಂ ಕೂಡ ಕಣ್ಣಿಗೆ ಕಾಣಲು ಹಲವು ದಿನ ತೆಗೆದುಕೊಳ್ಳುತ್ತದೆ, ನಿಧಾನದವಕ್ಕೆ ವಾರಗಟ್ಟಲೆ ಬೇಕು. ಪೈರು ಮೊಳೆಯುವ ಮೊದಲೇ ಕಳೆ ಎದೆಯೆತ್ತರ!

ಕಳೆ ತೆಗೆಯಲು 1915ರಲ್ಲಿ ಪೆಟ್ರಾಫ್ ಎಂಬ ವಿಜ್ಞಾನಿ ಸೋಡಿಯಂ ಹೈಡ್ರಾಕ್ಸೈಡ್ ಬಳಸುವ ವಿಧಾನ ಪ್ರಕಟಿಸಿದರು. ಇಂದಿಗೂ ಅದೇ ಕ್ಷಾರವೇ. ಜೊತೆಗೆ ಲೋಳೆ ಕರಗಿಸುವ ಎನ್-ಅಸಿಟೈಲ್ ಸಿಸ್ಟೀನ್ ಸೇರಿದೆ. ಸ್ನಾನ ಸುಮಾರು 15ರಿಂದ 20 ನಿಮಿಷ. ಮೈಕೋಬ್ಯಾಕ್ಟೀರಿಯಾ ಬದುಕುಳಿಯುವುದು ಹೇಗೆ? ಮೈಕೋಲಿಕ್ ಆಮ್ಲದ ದಪ್ಪ ಮೇಣದ ಹೊದಿಕೆಯಿಂದ. ಕೆಸುವಿನ ಎಲೆ ಮೇಲೆ ನೀರು ನಿಲ್ಲುವುದಿಲ್ಲ ಅಲ್ವಾ, ಹಾಗೆ. ಆದರೆ ಈ ಹೋಲಿಕೆ ಅರ್ಧವೇ ಸರಿ. ಕೆಸುವಿನ ಎಲೆಗೆ ನೀರಿನಿಂದ ಹಾನಿಯಿಲ್ಲ. ಈ ಮೇಣವನ್ನೋ ಕ್ಷಾರ ನಿಧಾನವಾಗಿ ದಾಟುತ್ತದೆ. ಮೇಣ ಹಚ್ಚಿದ ಬಟ್ಟೆ ಹೊದ್ದು ಮಳೆಯಲ್ಲಿ ನಿಂತ ಹಾಗೆ: ಸ್ವಲ್ಪ ಹೊತ್ತು ಒಣಗಿರುತ್ತೀರಿ, ಜಾಸ್ತಿ ಹೊತ್ತು ನಿಂತರೆ ಒದ್ದೆ.

ನನ್ನನ್ನು ಕಾಡುವ ಮಾತು ಇಲ್ಲಿದೆ. ಈ ಸ್ನಾನದ ಹದ ಗೊತ್ತುಮಾಡಿದ್ದು ಟಿಬಿಗಾಗಿ. ಎನ್‌ಟಿಎಂಗಳಲ್ಲಿ ಅನೇಕವು, ಅದರಲ್ಲೂ ಬೇಗ ಬೆಳೆಯುವವು, ಅದನ್ನು ಅಷ್ಟಾಗಿ ತಾಳಲಾರವು. ನಾವು ಹುಡುಕುತ್ತಿರುವುದನ್ನೇ ನಾವು ಕೊಲ್ಲುತ್ತಿರುತ್ತೇವೆ. ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಗಟ್ಟಿ ಲೋಳೆ ಕಟ್ಟುವ ಆನುವಂಶಿಕ ಕಾಯಿಲೆ) ಇರುವವರ ಕಫದಲ್ಲಿ ಸ್ಯೂಡೋಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಜಾಸ್ತಿ. ಅದು ಕ್ಷಾರಕ್ಕೂ ಜಗ್ಗದಿದ್ದರೆ ಆಕ್ಸಾಲಿಕ್ ಆಮ್ಲದಲ್ಲಿ ಇನ್ನೊಂದು ಸ್ನಾನ. ಎನ್‌ಟಿಎಂ ಇನ್ನೂ ಕಡಿಮೆಯಾಗುತ್ತವೆ. ‘ಏನೂ ಬೆಳೆಯಲಿಲ್ಲ’ ಎಂಬ ವರದಿ ಕಂಡು ‘ಏನೂ ಇಲ್ಲ’ ಅಂದುಕೊಳ್ಳಬಾರದು.

ಆರ್‌ಜಿಎಂ ಎಂಬ ಹೊಸ ಮಾಧ್ಯಮ (ಬ್ಯಾಕ್ಟೀರಿಯಾ ಬೆಳೆಸುವ ಆಹಾರ) ಸ್ನಾನವನ್ನೇ ಕೈಬಿಟ್ಟಿದೆ. ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಆ್ಯಂಟಿಬಯಾಟಿಕ್‌ಗಳನ್ನು ತಟ್ಟೆಯಲ್ಲೇ ಬೆರೆಸಿ, ಕಫವನ್ನು ನೇರವಾಗಿ ಹಚ್ಚಿ, 30 ಡಿಗ್ರಿಯಲ್ಲಿ 28 ದಿನ ಇಡುತ್ತಾರೆ. ಬೇಗ ಬೆಳೆಯುವ ಜಾತಿಗಳು ಇದರಲ್ಲಿ ಹೆಚ್ಚು ಸಿಗುತ್ತವೆ. ಇದರ ಜೊತೆಗೆ, ಹಳೆಯ ಕ್ರಮದಂತೆ ಸ್ನಾನ ಮಾಡಿಸಿದ ಕಫವನ್ನು ದ್ರವ ಮಾಧ್ಯಮದ ಟ್ಯೂಬಿಗೂ ಹಾಕುತ್ತಾರೆ. ಬ್ಯಾಕ್ಟೀರಿಯಾ ಆಮ್ಲಜನಕ ತಿಂದಂತೆ ಟ್ಯೂಬಿನ ತಳ ಹೊಳೆಯತೊಡಗುತ್ತದೆ. ಯಂತ್ರ ಅದನ್ನೇ ಕಾಯುತ್ತಿರುತ್ತದೆ.

ಬೆಳೆದರೂ ರೋಗ ಅಂತ ತಕ್ಷಣ ಹೇಳಲಾಗದು. ಕಫ ಕೊಡುವ ಮುನ್ನ ನಲ್ಲಿ ನೀರಲ್ಲಿ ಬಾಯಿ ಮುಕ್ಕಳಿಸಿದರೂ ಅವು ಮಾದರಿಗೆ ಸೇರಿಬಿಡಬಹುದು. ಅದಕ್ಕೇ ವೈದ್ಯರು ಕೆಮ್ಮು, ಸ್ಕ್ಯಾನ್ ನೋಡುವುದರ ಜೊತೆಗೆ, ಬೇರೆಬೇರೆಯಾಗಿ ಪಡೆದ ಕನಿಷ್ಠ 2 ಕಫದ ಮಾದರಿಗಳಲ್ಲಿ ಅದೇ ಜಾತಿ ಬೆಳೆದಿದೆಯೇ ಎಂದು ಕೇಳುತ್ತಾರೆ.