ತೂಕ ಬರೆದರು, ಉದ್ದ ಬಿಟ್ಟರು

ಡೊಂಬಿವಲಿಯಲ್ಲಿರುವ ನಮ್ಮಕ್ಕನ ಮಗನ ಲಸಿಕೆ ಕಾರ್ಡ್ ಮೊನ್ನೆ ಕೈಗೆ ಸಿಕ್ಕಿತು. ತೂಕದ ಕಾಲಂ ಭರ್ತಿ. ಉದ್ದದ ಕಾಲಂನಲ್ಲಿ ಹುಟ್ಟಿದ ದಿನದ 50 ಸೆಂ.ಮೀ. ಒಂದೇ, ಆಮೇಲೆಲ್ಲ ಖಾಲಿ. ಯಾರೂ ಕೇಳಲೂ ಇಲ್ಲ. ಮಗು ಗುಂಡುಗುಂಡಗಿತ್ತು, ಅಜ್ಜಿಗೆ ಅಷ್ಟು ಸಾಕಿತ್ತು.

ಬೆಳವಣಿಗೆ ಹಾರ್ಮೋನಿನ ಕೊರತೆ ಅಡಗಿ ಕೂರುವುದೇ ಈ ಗುಂಡು ಕೆನ್ನೆಯ ಹಿಂದೆ. ಮಿದುಳಿನ ಬುಡದಲ್ಲಿ ಬಟಾಣಿಯಷ್ಟಿರುವ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನ್ ಕೊಡುತ್ತದೆ. ತಾಯಿಯ ಹೊಟ್ಟೆಯೊಳಗಿನ ಬೆಳವಣಿಗೆಗೆ ಅದು ಅಷ್ಟಾಗಿ ಬೇಕಿಲ್ಲ, ಹಾಗಾಗಿ ಕೊರತೆಯಿದ್ದರೂ ಮಗು ಸಾಮಾನ್ಯವಾಗಿ ಎಲ್ಲರಷ್ಟೇ ಉದ್ದ ಹುಟ್ಟುತ್ತದೆ. ಮೊದಲ ವರ್ಷ ಸುಮಾರು 25 ಸೆಂ.ಮೀ. ಬೆಳೆಯಬೇಕಾದದ್ದು, ಆರು ತಿಂಗಳಿನಿಂದ ಒಂದು ವರ್ಷದೊಳಗೆ ಮೆಲ್ಲಗೆ ಹಿಂದೆ ಬೀಳುತ್ತದೆ. ಕೊಬ್ಬು ಕರಗಿಸುವುದೂ ಇದೇ ಹಾರ್ಮೋನ್ ಆದ್ದರಿಂದ ಮೈ ಮಾತ್ರ ತುಂಬಿಕೊಂಡೇ ಇರುತ್ತದೆ. ಕೆಲವು ಮಕ್ಕಳಲ್ಲಿ ಸುಳಿವು ಮೊದಲೇ ಸಿಗುತ್ತದೆ: ಹುಟ್ಟಿದ ಕೆಲವೇ ದಿನಕ್ಕೆ ರಕ್ತದ ಸಕ್ಕರೆ ಇಳಿದು ನಡುಕ, ವಾರಗಟ್ಟಲೆ ಹೋಗದ ಕಾಮಾಲೆ. ಸಕ್ಕರೆ ಪದೇ ಪದೇ ಇಳಿದರೆ ಪೆಟ್ಟು ಮಿದುಳಿಗೇ. ಭಯಪಡಬೇಕಾದದ್ದು ಕುಳ್ಳತನಕ್ಕಲ್ಲ, ಇದಕ್ಕೆ.

ಹಿಂದೆ ಇದಕ್ಕೆ ಔಷಧವೇ ಇರಲಿಲ್ಲ. ದನ, ಹಂದಿಯ ಇನ್ಸುಲಿನ್ ಮನುಷ್ಯರಿಗೆ ನಡೆಯುತ್ತಿತ್ತು, ಆದರೆ ದನದ ಬೆಳವಣಿಗೆ ಹಾರ್ಮೋನ್ ನಮ್ಮ ಮೈಗೆ ಹಿಡಿಯಲಿಲ್ಲ. ಮನುಷ್ಯರದ್ದೇ ಬೇಕು. 1958ರಲ್ಲಿ ಬಾಸ್ಟನ್ನಿನ ವೈದ್ಯ ಮಾರಿಸ್ ರಾಬೆನ್, ಸತ್ತವರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನ್ ಕೊಟ್ಟು 17 ವರ್ಷದ ಹುಡುಗ ಬೆಳೆದದ್ದನ್ನು ವರದಿ ಮಾಡಿದರು. ಆಮೇಲೆ ಶವಾಗಾರಗಳಿಂದ ಗ್ರಂಥಿ ಕೂಡಿಸುವ ಕೆಲಸ ಶುರುವಾಯಿತು. ಸಿಗುತ್ತಿದ್ದದ್ದು ಸ್ವಲ್ಪ, ಕಾಯುವ ಮಕ್ಕಳು ಜಾಸ್ತಿ. 1985ರಲ್ಲಿ ಎಲ್ಲ ತಲೆಕೆಳಗಾಯಿತು. ಚಿಕ್ಕಂದಿನಲ್ಲಿ ಆ ಚುಚ್ಚುಮದ್ದು ತೆಗೆದುಕೊಂಡಿದ್ದ ಕೆಲವರು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಿದುಳಿನ ಕಾಯಿಲೆಯಿಂದ ಸತ್ತರು. ಯಾವುದೋ ಶವದ ಗ್ರಂಥಿಯ ಜೊತೆ ಸೋಂಕೂ ಬಂದಿತ್ತು. ಮುಂದಿನ ವರ್ಷಗಳಲ್ಲಿ ಫ್ರಾನ್ಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಹೋದರು. ಅದೇ 1985ರಲ್ಲಿ, ಬ್ಯಾಕ್ಟೀರಿಯಾದೊಳಗೆ ಮನುಷ್ಯನ ಜೀನ್ ಸೇರಿಸಿ ತಯಾರಿಸಿದ ಹಾರ್ಮೋನಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಮದ್ದು ಬಂತು, ಆದರೆ ಅಳೆಯದೆ ಕೊರತೆ ಗೊತ್ತಾಗುವುದಾದರೂ ಹೇಗೆ? ಯಾವ ವಯಸ್ಸಿಗೆ ಎಷ್ಟು ಉದ್ದ ಇರಬೇಕೆಂದು ತೋರಿಸಲು, ಐದು ವರ್ಷದೊಳಗಿನ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಚಾರ್ಟ್ ಇದೆ. ಅದರ ಮೇಲಿನ ವಯಸ್ಸಿಗೆ ನಮ್ಮ ಮಕ್ಕಳದ್ದೇ ಚಾರ್ಟ್ 2015ರಲ್ಲಿ ಬಂತು, ಆ ಕೆಲಸದಲ್ಲಿ ಪುಣೆಯ ಮಕ್ಕಳ ಹಾರ್ಮೋನ್ ತಜ್ಞ ಡಾ. ವಾಮನ ಖಾಡಿಲ್ಕರ್ ಮುಂದೆ ನಿಂತಿದ್ದರು. ಕಾಗದ ಇದೆ, ಗುರುತು ಹಾಕುವವರು ಬೇಕು. ಕೂಸಿನ ಉದ್ದ ಅಳೆಯಲು ಇಬ್ಬರಾದರೂ ಬೇಕು, ಒಬ್ಬರು ತಲೆಯನ್ನು ಹಲಗೆಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಮಂಡಿ ನೇರ ಮಾಡಬೇಕು, ಮಗು ಕಿರುಚುತ್ತದೆ, ಹೊರಗೆ ಸಾಲು ಕಾಯುತ್ತಿರುತ್ತದೆ. ಸುಮ್ನೆ ಬಿಟ್ಟುಬಿಡುತ್ತಾರೆ.

ಅಕ್ಕನ ಮಗನಿಗೆ ಮೂರು ದಾಟಿದ ಮೇಲೆ ಗೊತ್ತಾಯಿತು. ಈಗ ಫ್ರಿಜ್ಜಿನ ಬಾಗಿಲಲ್ಲಿ, ಬೆಣ್ಣೆ ಡಬ್ಬಿಯ ಪಕ್ಕ, ಚುಚ್ಚುವ ಪೆನ್ ಇರುತ್ತದೆ. ರಾತ್ರಿ ಅದು ಹೊರಗೆ ಬಂದರೆ ಅವನೇ ಚಡ್ಡಿ ಮೇಲೆತ್ತಿ ಕೇಳುತ್ತಾನೆ, "ಇವತ್ತು ಯಾವ ಕಾಲು, ಅಮ್ಮಾ?"