ಐರ್ಲೆಂಡಿನ ಊರಿಗೊಂದು ಓಟದ ಕ್ಲಬ್: ಅದು ನಡೆದು ಬಂದ ದಾರಿ

2024ರ ಜೂನ್ 7ರಂದು ರೋಮ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನ 4 × 400 ಮೀಟರ್ ಮಿಶ್ರ ರಿಲೇಯಲ್ಲಿ ಐರ್ಲೆಂಡ್ ಚಿನ್ನ ಗೆದ್ದಿತು. ಆ ನಾಲ್ವರ ಹೆಸರಿನ ಜೊತೆ ಅವರ ಕ್ಲಬ್ಬಿನ ಹೆಸರನ್ನೂ ಓದಬೇಕು. ಕ್ರಿಸ್ ಒ'ಡೊನೆಲ್ ನಾರ್ತ್ ಸ್ಲೈಗೊ ಕ್ಲಬ್ಬಿನವರು. ರಸಿದಾತ್ ಅಡೆಲೆಕೆ ಡಬ್ಲಿನ್‌ನ ಅಂಚಿನ ಟಾಲಾ ಬಡಾವಣೆಯ ಕ್ಲಬ್ಬಿನಲ್ಲಿ ಬೆಳೆದವರು. ಥಾಮಸ್ ಬಾರ್ ವಾಟರ್‌ಫರ್ಡ್‌ನ ಫೆರಿಬ್ಯಾಂಕ್ ಕ್ಲಬ್ಬಿನವರು. ಕೊನೆಯ ಸುತ್ತು ಓಡಿದ ಶಾರ್ಲೀನ್ ಮಾಡ್ಸ್ಲಿ ಟಿಪರೇರಿ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ನ್ಯೂಪೋರ್ಟ್ ಎಂಬ ಸಣ್ಣ ಊರಿನ ಹುಡುಗಿ. ಎರಡು ತಿಂಗಳ ನಂತರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಮಹಿಳಾ ರಿಲೇ ತಂಡದಲ್ಲಿದ್ದ ಫಿಲ್ ಹೀಲಿ, ಕಾರ್ಕ್ ಕೌಂಟಿಯ ಬ್ಯಾಲಿನೀನ್ ಹಳ್ಳಿಯವರು. ಓಡಲು ಕಲಿತದ್ದು ಪಕ್ಕದ ಬ್ಯಾಂಡನ್ ಕ್ಲಬ್ಬಿನಲ್ಲಿ.

ದುಬಾರಿ ಅಕಾಡೆಮಿ ಈ ಪಟ್ಟಿಯಲ್ಲಿ ಒಂದೂ ಇಲ್ಲ. ಇವೆಲ್ಲ ಊರವರೇ ಕಟ್ಟಿ, ಊರವರೇ ನಡೆಸುವ ಕ್ಲಬ್ಬುಗಳು. ವಾರದಲ್ಲಿ ಒಂದೆರಡು ಸಂಜೆ ಮಕ್ಕಳು ಸೇರುತ್ತಾರೆ. ಸ್ವಂತ ಟ್ರ್ಯಾಕ್ ಇರುವ ಕ್ಲಬ್ಬುಗಳು ಕಡಿಮೆ. ಶಾಲೆಯ ಹುಲ್ಲುಗಾವಲೋ, ಐರಿಷ್ ಆಟಗಳಾದ ಹರ್ಲಿಂಗ್ (ಕೋಲು ಚೆಂಡಿನ ಆಟ) ಮತ್ತು ಗೇಲಿಕ್ ಫುಟ್‌ಬಾಲ್ ಆಡುವ ಮೈದಾನದ ಒಂದು ಮೂಲೆಯೋ ಸಿಕ್ಕರೆ ಸಾಕು. ಹೇಳಿಕೊಡುವವರಲ್ಲಿ ಹೆಚ್ಚಿನವರು ಆ ಮಕ್ಕಳ ಅಪ್ಪ ಅಮ್ಮಂದಿರೇ. ಅಲ್ಲಿಂದ ಕೌಂಟಿ, ಕೌಂಟಿಯಿಂದ ಪ್ರಾಂತ್ಯ, ಪ್ರಾಂತ್ಯದಿಂದ ಅಖಿಲ ಐರ್ಲೆಂಡ್ ಸ್ಪರ್ಧೆ. ಚಳಿಗಾಲದಲ್ಲಿ ಕೆಸರು ಗದ್ದೆಗಳಲ್ಲಿ ಕ್ರಾಸ್ ಕಂಟ್ರಿ, ಬೇಸಿಗೆಯಲ್ಲಿ ಓಟ, ಜಿಗಿತ, ಎಸೆತ. ಇಷ್ಟು ಸರಳವಾಗಿ ಕಾಣುವ ಈ ವ್ಯವಸ್ಥೆಯ ಹಿಂದೆ ಸುಮಾರು ನೂರು ವರ್ಷಗಳ ದೊಡ್ಡವರ ಜಗಳವಿದೆ. ಮಕ್ಕಳ ಅಥ್ಲೆಟಿಕ್ಸ್ ತಡವಾಗಿ ಚಿಗುರಿದ್ದಕ್ಕೂ, ಚಿಗುರಿದಾಗ ಊರಿನ ಮಣ್ಣಿನಲ್ಲೇ ಬೇರು ಬಿಟ್ಟಿದ್ದಕ್ಕೂ ಕಾರಣ ಆ ಜಗಳದೊಳಗೇ ಇದೆ ಎಂಬುದು ನನ್ನ ನಂಬಿಕೆ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಐರ್ಲೆಂಡಿನ ಅಥ್ಲೆಟಿಕ್ಸ್ ಕೂಟಗಳು ಬಹುಮಟ್ಟಿಗೆ ಉಳ್ಳವರ ಕೈಯಲ್ಲಿದ್ದವು. ಹಣಕ್ಕಾಗಿ ಸ್ಪರ್ಧಿಸದ 'ಹವ್ಯಾಸಿ'ಗಳಿಗೆ ಮಾತ್ರ ಪ್ರವೇಶ ಎಂಬ ಇಂಗ್ಲಿಷ್ ಮಾದರಿಯ ನಿಯಮ ಕೂಲಿಕಾರರನ್ನೂ ಕುಶಲಕರ್ಮಿಗಳನ್ನೂ ದೂರವಿಡಲು ಬಳಕೆಯಾಗುತ್ತಿತ್ತು. ಶಾಲಾ ಶಿಕ್ಷಕರೂ ಸ್ವತಃ ಗುಂಡು ಎಸೆತಗಾರರೂ ಆಗಿದ್ದ ಮೈಕೆಲ್ ಕ್ಯೂಸಾಕ್ ಇದರ ವಿರುದ್ಧ ಪತ್ರಿಕೆಯಲ್ಲಿ ಬರೆದರು. 1884ರ ನವೆಂಬರ್ 1ರಂದು ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ (ಜಿಎಎ) ಹುಟ್ಟಿತು. ಇಂದು ಜಿಎಎ ಎಂದರೆ ಹರ್ಲಿಂಗ್, ಫುಟ್‌ಬಾಲ್ ಮಾತ್ರ ನೆನಪಾಗುತ್ತದೆ. ಆದರೆ ಅದರ ಮೊದಲ ಅಧ್ಯಕ್ಷ ಮಾರಿಸ್ ಡೇವಿನ್ ಹೆಸರಾಂತ ಅಥ್ಲೀಟ್. ಓಟ, ಜಿಗಿತ, ಎಸೆತ ಸಂಸ್ಥೆಯ ಮೂಲ ಉದ್ದೇಶದಲ್ಲೇ ಇದ್ದವು. ಮರುವರ್ಷವೇ ಡಬ್ಲಿನ್‌ನಲ್ಲಿ ಅದಕ್ಕೆ ಎದುರಾಗಿ ಇನ್ನೊಂದು ಸಂಸ್ಥೆ ಎದ್ದಿತು.

ಸ್ವತಂತ್ರ ರಾಷ್ಟ್ರ ರೂಪುಗೊಳ್ಳುತ್ತಿದ್ದ 1922ರಲ್ಲಿ ಈ ಬಣಗಳು ಒಂದಾಗಿ ನ್ಯಾಷನಲ್ ಅಥ್ಲೆಟಿಕ್ ಅಂಡ್ ಸೈಕ್ಲಿಂಗ್ ಅಸೋಸಿಯೇಷನ್ (ಎನ್‌ಎಸಿಎ) ಎಂಬ ಹೊಸ ಸಂಸ್ಥೆ ಕಟ್ಟಿದವು. ದ್ವೀಪದ ಮೂವತ್ತೆರಡು ಕೌಂಟಿಗಳೂ ತನ್ನ ವ್ಯಾಪ್ತಿಗೆ ಸೇರಿದವು ಎಂದು ಅದು ಹೇಳಿಕೊಂಡಿತು. ಆದರೆ ಅವುಗಳಲ್ಲಿ ಆರು ಕೌಂಟಿಗಳು ಉತ್ತರ ಐರ್ಲೆಂಡ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಆಳ್ವಿಕೆಯಲ್ಲೇ ಉಳಿದ ಕಾಲವದು. 1934ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವು ಪ್ರತಿ ದೇಶದ ಸಂಸ್ಥೆಯ ಅಧಿಕಾರ ಅದರ ರಾಜಕೀಯ ಗಡಿಯೊಳಗೆ ಮಾತ್ರ ಎಂದು ವಿಧಿಸಿತು. ಗಡಿಯನ್ನು ಒಪ್ಪುವುದೆಂದರೆ ದೇಶದ ವಿಭಜನೆಯನ್ನು ಒಪ್ಪಿದಂತೆ ಎಂದು ಎನ್‌ಎಸಿಎ ನಿರಾಕರಿಸಿತು. 1935ರಲ್ಲಿ ಅಮಾನತು ಬಂತು. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಐರ್ಲೆಂಡ್ ಹೋಗಲಿಲ್ಲ.

ಇದಕ್ಕೆ ತೆತ್ತ ಬೆಲೆ ಏನೆಂದು ತಿಳಿಯಲು ಪ್ಯಾಟ್ ಒ'ಕ್ಯಾಲಹನ್ ಒಬ್ಬರ ಕಥೆ ಸಾಕು. ಕಾರ್ಕ್ ಕೌಂಟಿಯ ಕ್ಯಾಂಟರ್ಕ್ ಬಳಿ ಹುಟ್ಟಿ, ಕ್ಲಾನ್‌ಮೆಲ್‌ನಲ್ಲಿ ವೈದ್ಯರಾಗಿದ್ದ ಅವರು 1928ರಲ್ಲೂ 1932ರಲ್ಲೂ ಹ್ಯಾಮರ್ ಎಸೆತದಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು. ಮೂರನೆಯದಕ್ಕೆ ಸ್ಪರ್ಧಿಸುವ ಅವಕಾಶವೇ ಸಿಗಲಿಲ್ಲ. 1937ರಲ್ಲಿ ಫರ್ಮಾಯ್ ಪಟ್ಟಣದ ಕೂಟದಲ್ಲಿ ಅವರು ಹ್ಯಾಮರನ್ನು 59.5 ಮೀಟರಿಗೂ ಆಚೆ ಎಸೆದರು. 1913ರಿಂದ ಅಲುಗಾಡದೆ ನಿಂತಿದ್ದ ವಿಶ್ವದಾಖಲೆಗಿಂತ ಅದು ಒಂದೂವರೆ ಮೀಟರಿಗೂ ಹೆಚ್ಚು. ಅವರ ಸಂಸ್ಥೆಗೆ ಮಾನ್ಯತೆ ಇಲ್ಲದ್ದರಿಂದ ದಾಖಲೆ ಪುಸ್ತಕಕ್ಕೆ ಅದು ಸೇರಲೇ ಇಲ್ಲ. ಎನ್‌ಎಸಿಎಗೆ ನಿಷ್ಠರಾಗಿಯೇ ಉಳಿದ ಅವರ ಹಟವನ್ನು ನಾನು ಗೌರವಿಸುತ್ತೇನೆ. ಆದರೂ ಅಂಥ ಎಸೆತವೊಂದು ಎಲ್ಲೂ ಲೆಕ್ಕಕ್ಕೆ ಸಿಗದೆ ಹೋಯಿತಲ್ಲ ಎಂಬ ಸಂಕಟ ಮಾತ್ರ ಹೋಗುವುದಿಲ್ಲ.

ಅದೇ 1937ರಲ್ಲಿ ಗಡಿಯನ್ನು ಒಪ್ಪಿದ ಅಮೆಚೂರ್ ಅಥ್ಲೆಟಿಕ್ ಯೂನಿಯನ್ ಆಫ್ ಏರ (ಎಎಯುಇ) ಎಂಬ ಇನ್ನೊಂದು ಸಂಸ್ಥೆ ಹುಟ್ಟಿತು. ಅಂತರರಾಷ್ಟ್ರೀಯ ಮಾನ್ಯತೆ ಇದಕ್ಕೆ ಸಿಕ್ಕಿತು, ಇದರ ಬಲ ಡಬ್ಲಿನ್‌ನಲ್ಲಿ. ಹಳ್ಳಿಗಾಡಿನ ಕ್ಲಬ್ಬುಗಳು ಬಹುಪಾಲು ಎನ್‌ಎಸಿಎ ಜೊತೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಾನಿ ಡೆಲನಿ 1500 ಮೀಟರ್ ಗೆದ್ದಾಗ ದೇಶವೆಲ್ಲ ಸಂಭ್ರಮಿಸಿತು. ಹಾಗಿದ್ದೂ ಎಷ್ಟೋ ಹಳ್ಳಿಗಳ ಪ್ರತಿಭಾವಂತ ಹುಡುಗನಿಗೆ ಆ ಬಾಗಿಲು ಮುಚ್ಚಿತ್ತು. ಅವನ ಊರಿನ ಕ್ಲಬ್ಬು ಮಾನ್ಯತೆಯಿಲ್ಲದ ಪಾಳಯದಲ್ಲಿತ್ತು.

ಹುಡುಗಿಯರ ಪಾಡು ಇನ್ನೂ ಕಷ್ಟದ್ದು. 1934ರಲ್ಲಿ ಪುರುಷರ ಕೂಟಗಳಲ್ಲಿ ಮಹಿಳೆಯರ ಸ್ಪರ್ಧೆಯನ್ನೂ ಸೇರಿಸಬೇಕೆಂಬ ಪ್ರಸ್ತಾಪ ಎನ್‌ಎಸಿಎಯಲ್ಲಿ ಬಂದಾಗ, ಮುಂದೆ ಡಬ್ಲಿನ್‌ನ ಆರ್ಚ್‌ಬಿಷಪ್ ಆದ ಜಾನ್ ಚಾರ್ಲ್ಸ್ ಮೆಕ್ವೇಡ್ ಬಹಿರಂಗವಾಗಿ ವಿರೋಧಿಸಿದರು. ಪ್ರಸ್ತಾಪ ಬಿದ್ದುಹೋಯಿತು. ಐರ್ಲೆಂಡಿನ ಮಹಿಳಾ ಅಥ್ಲೀಟ್ ಒಬ್ಬರು ಒಲಿಂಪಿಕ್ಸ್‌ಗೆ ಹೋಗಲು 1956 ಬರಬೇಕಾಯಿತು. ಆಕೆ ಕಿಲ್ಕೆನಿಯ ಮೇವ್ ಕೈಲ್. ಪುಟ್ಟ ಮಗಳನ್ನು ಬಿಟ್ಟು ಅಷ್ಟು ದೂರ ಹೋದದ್ದಕ್ಕೆ ಪತ್ರಿಕೆಗಳಲ್ಲಿ ಅವರನ್ನು ಟೀಕಿಸಿದವರಿದ್ದರು. ಅವರು ಮಣಿಯಲಿಲ್ಲ. ಮೂರು ಒಲಿಂಪಿಕ್ಸ್‌ಗಳಲ್ಲಿ ಓಡಿದರು. ಪತಿ ಶಾನ್ ಜೊತೆಗೂಡಿ ಉತ್ತರ ಐರ್ಲೆಂಡಿನ ಬ್ಯಾಲಿಮೀನಾದಲ್ಲಿ ದಶಕಗಳ ಕಾಲ ಎಳೆಯರಿಗೆ ತರಬೇತಿ ಕೊಟ್ಟರು. ಇಂದು ಯಾವ ಊರಿನ ಕ್ಲಬ್ಬಿಗೆ ಹೋದರೂ ಹುಡುಗ ಹುಡುಗಿಯರು ಒಂದೇ ಸಾಲಿನಲ್ಲಿ ನಿಂತು ಮೈ ಬಿಸಿ ಮಾಡಿಕೊಳ್ಳುತ್ತಾರೆ. ಆ ಸಾಲು ತಾನಾಗಿ ಬಂದದ್ದಲ್ಲ.

ತಿರುವು ಬಂದದ್ದು 1967ರಲ್ಲಿ, ಒಂದೇ ವರ್ಷ ಎರಡು ಕಡೆಯಿಂದ. ಎಎಯುಇ ಮತ್ತು ಎನ್‌ಎಸಿಎಯ ದೊಡ್ಡ ಭಾಗ ಸೇರಿ 'ಬೋರ್ಡ್ ಲೂಹ್ಲಾಸ್ ನಾ ಹೇರನ್' ಎಂಬ ಸಂಸ್ಥೆಯಾಯಿತು. ಜನರ ಬಾಯಲ್ಲಿ ಬಿಎಲ್‌ಇ. ಒಂದಷ್ಟು ಮಂದಿ ತತ್ವ ಬಿಡದೆ ಹೊರಗೇ ಉಳಿದರು. ಅದೇ ವರ್ಷ ಡಬ್ಲಿನ್‌ನ ವಾಕಿನ್ಸ್‌ಟೌನ್ ಬಡಾವಣೆಯಲ್ಲಿ ಜೋ ಕಾನಲಿ ಎಂಬುವರು ಸುತ್ತಲಿನ ಮಕ್ಕಳಿಗೆ ಮಾಡಲು ಏನೂ ಇಲ್ಲವಲ್ಲ ಎಂಬ ಚಿಂತೆಯಿಂದ ಕಮ್ಯುನಿಟಿ ಗೇಮ್ಸ್ ಆರಂಭಿಸಿದರು.

ಎರಡನೆಯದೇ ಹೆಚ್ಚು ಆಳಕ್ಕೆ ಹೋಯಿತು ಎನ್ನುವುದು ನನ್ನ ಅಭಿಪ್ರಾಯ. ಕಮ್ಯುನಿಟಿ ಗೇಮ್ಸ್‌ಗೆ ಮಗು ಯಾವ ಒಕ್ಕೂಟಕ್ಕೆ ಸೇರಿದೆ ಎಂಬ ಪ್ರಶ್ನೆಯೇ ಬೇಕಿರಲಿಲ್ಲ. ಯಾವ ಊರಿನಲ್ಲಿ ವಾಸವಾಗಿದೆ ಎಂಬುದಷ್ಟೇ ಮುಖ್ಯ. ಚರ್ಚಿನ ವಲಯವೋ ಬಡಾವಣೆಯೋ ಒಂದು ಘಟಕ. ಅಲ್ಲಿನ ಮಕ್ಕಳು ತಮ್ಮ ಊರಿನ ಬಣ್ಣ ತೊಟ್ಟು ಕೌಂಟಿಯ ಮಟ್ಟದಲ್ಲಿ ಸ್ಪರ್ಧಿಸುತ್ತಾರೆ, ಗೆದ್ದವರು ರಾಷ್ಟ್ರೀಯ ಫೈನಲ್‌ಗೆ ಹೋಗುತ್ತಾರೆ. ಓಟದ ಜೊತೆಗೆ ಚದುರಂಗ, ಚಿತ್ರಕಲೆ, ಸಮೂಹಗಾನವೂ ಉಂಟು. ಹೀಗಾಗಿ ಓಡಲಾರದ ಮಗುವೂ ಊರಿನ ತಂಡದಲ್ಲಿರುತ್ತದೆ. ಮೀತ್ ಕೌಂಟಿಯ ಸಮುದ್ರದಂಡೆಯಲ್ಲಿ ಬಟ್ಲಿನ್ಸ್ ಕಂಪನಿ 1948ರಲ್ಲಿ ತೆರೆದಿದ್ದ ಮೋಸ್ನಿ ಎಂಬ ವಿಹಾರಧಾಮ ಫೈನಲ್‌ಗಳ ತಾಣವಾಯಿತು. ಎರಡು ಮೂರು ತಲೆಮಾರಿನ ಐರಿಷ್ ಜನರಿಗೆ ಬಾಲ್ಯದ ಮೊದಲ ದೂರ ಪ್ರಯಾಣವೆಂದರೆ ಮೋಸ್ನಿಗೆ ಬಸ್ಸಿನಲ್ಲಿ ಹೋದದ್ದು. 2000ದ ಕೊನೆಯಲ್ಲಿ ಅದೇ ಆವರಣ ಆಶ್ರಯ ಕೋರಿ ಬಂದ ವಿದೇಶಿ ಕುಟುಂಬಗಳ ವಸತಿ ಕೇಂದ್ರವಾಯಿತು. ಅದಾದ ಮೇಲೂ ಕೆಲವು ವರ್ಷ ಫೈನಲ್‌ಗಳು ಅಲ್ಲಿ ನಡೆದವು, ಬಳಿಕ ದೇಶದ ನಡುಭಾಗದ ಅಥ್ಲೋನ್ ಪಟ್ಟಣಕ್ಕೆ ಸ್ಥಳಾಂತರಗೊಂಡವು.

ಬೇಸಿಗೆಯಲ್ಲಿ ಊರಿಗಾಗಿ ಓಡಿದ ಮಗುವಿಗೆ ವರ್ಷವಿಡೀ ಓಡಬೇಕೆನ್ನಿಸಿದರೆ ಕ್ಲಬ್ಬು ಬೇಕು. ಕಮ್ಯುನಿಟಿ ಗೇಮ್ಸ್‌ಗೆ ಮಕ್ಕಳನ್ನು ಸಿದ್ಧಪಡಿಸಿದ ತಂದೆ ತಾಯಂದಿರೇ ಎಷ್ಟೋ ಊರುಗಳಲ್ಲಿ ಕ್ಲಬ್ಬಿಗೂ ಕೈಜೋಡಿಸಿದರು. ಇನ್ನೊಂದು ಸೆಳೆತ ಕಣ್ಣೆದುರೇ ಇತ್ತು. ವಾಟರ್‌ಫರ್ಡ್ ಕೌಂಟಿಯ ವಿಲಿಯರ್ಸ್‌ಟೌನ್ ಎಂಬ ಪುಟ್ಟ ಹಳ್ಳಿಯ ಜಾನ್ ಟ್ರೇಸಿ 1978ರಲ್ಲಿ ಗ್ಲಾಸ್ಗೋದಲ್ಲೂ 1979ರಲ್ಲಿ ತವರಿನ ಲಿಮರಿಕ್‌ನಲ್ಲೂ ವಿಶ್ವ ಕ್ರಾಸ್ ಕಂಟ್ರಿ ಗೆದ್ದರು. ಬ್ಯಾಲಿಮೋರ್ ಕೋವ್ ಕ್ಲಬ್ಬಿನ ಸೋನಿಯಾ ಒ'ಸಲಿವನ್ 1995ರಲ್ಲಿ 5000 ಮೀಟರಿನ ವಿಶ್ವ ಚಾಂಪಿಯನ್ ಆದರು. ಹಳ್ಳಿಯ ಕೆಸರಿನಿಂದ ಅಮೆರಿಕದ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನಕ್ಕೆ, ಅಲ್ಲಿಂದ ಜಗತ್ತಿಗೆ ಹೋಗುವ ದಾರಿಯೊಂದಿದೆ ಎಂದು ಮನೆಮನೆಗೂ ತಿಳಿಯಿತು.

ಒಡಕು ಪೂರ್ತಿ ಮುಗಿದದ್ದು ಹೊಸ ಸಹಸ್ರಮಾನದ ಹೊಸ್ತಿಲಲ್ಲಿ. ಬಿಎಲ್‌ಇ ಮತ್ತು ಹೊರಗುಳಿದಿದ್ದ ಬಣ ಒಂದಾಗಿ ಇಂದಿನ ಅಥ್ಲೆಟಿಕ್ಸ್ ಐರ್ಲೆಂಡ್ ರೂಪುಗೊಂಡಿತು.

ಅಷ್ಟರಲ್ಲಿ ಬೇರೆ ಆಟದಿಂದ ಒಂದು ದೊಡ್ಡ ಆಘಾತ ಬಂದಿತ್ತು. 1990ರ ದಶಕದಲ್ಲಿ ಐರಿಷ್ ಈಜು ತರಬೇತುದಾರರು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯ ಬಯಲಾಯಿತು. 1998ರಲ್ಲಿ ವಿಚಾರಣಾ ವರದಿ ಪ್ರಕಟವಾಯಿತು. ಮಕ್ಕಳನ್ನು ತರಬೇತುದಾರರ ಕೈಗೆ ಕಣ್ಣುಮುಚ್ಚಿ ಒಪ್ಪಿಸುತ್ತಿದ್ದ ಕಾಲ ಅಲ್ಲಿಗೆ ಕೊನೆಯಾಯಿತು. 2000ದಲ್ಲಿ ಮಕ್ಕಳ ಕ್ರೀಡೆಗೆ ನೀತಿಸಂಹಿತೆ ಬಂತು. 2016ರ ಏಪ್ರಿಲ್‌ನಿಂದ ಮಕ್ಕಳೊಂದಿಗೆ ಕೆಲಸ ಮಾಡುವವರ ಹಿನ್ನೆಲೆಯನ್ನು ಗಾರ್ಡಾ ಪೊಲೀಸರು ಪರಿಶೀಲಿಸುವುದು ಕಾನೂನಿನ ಪ್ರಕಾರ ಕಡ್ಡಾಯವಾಯಿತು. ಪ್ರತಿ ಕ್ಲಬ್ಬಿಗೂ ಮಕ್ಕಳ ಹಿತ ನೋಡಿಕೊಳ್ಳುವ ಅಧಿಕಾರಿಯೊಬ್ಬರು ಇರಬೇಕು. ಕಾಗದಪತ್ರ ಹೆಚ್ಚಾಯಿತು ಎಂದು ಗೊಣಗುವವರಿದ್ದಾರೆ. ಆ ಗೊಣಗಾಟಕ್ಕೆ ನನ್ನ ಬೆಂಬಲವಿಲ್ಲ. ಈ ಕಾಗದಗಳನ್ನು ಮೂವತ್ತು ವರ್ಷ ಮೊದಲೇ ಕೇಳಬೇಕಿತ್ತು.

ಹಣದ ಮಾತಿಗೆ ಬಂದರೆ, 1987ರಲ್ಲಿ ಆರಂಭವಾದ ರಾಷ್ಟ್ರೀಯ ಲಾಟರಿಯ ಆದಾಯದಿಂದ ಸರ್ಕಾರ ಕ್ರೀಡಾ ಸೌಲಭ್ಯಗಳಿಗೆ ಅನುದಾನ ಕೊಡುತ್ತಾ ಬಂದಿದೆ. ಅದರ ಹೊರತಾಗಿ ಊರವರ ಹಟವೇ ಬಂಡವಾಳ. ಟಿಪರೇರಿಯ ನೀನಾ ಪಟ್ಟಣ ಇದಕ್ಕೆ ಉತ್ತಮ ನಿದರ್ಶನ. ಆ ಊರಿಗೆ ಸಂಬಂಧಿಸಿದ ಮೂವರು ಒಲಿಂಪಿಕ್ ಚಾಂಪಿಯನ್ನರ ಪ್ರತಿಮೆಗಳು ಅಲ್ಲಿ ನಿಂತಿವೆ: ಜಾನಿ ಹೇಯ್ಸ್, ಮ್ಯಾಟ್ ಮೆಕ್‌ಗ್ರಾ, ಬಾಬ್ ಟಿಸ್ಡಾಲ್. ಮೊದಲಿಬ್ಬರು ಗೆದ್ದದ್ದು ಅಮೆರಿಕದ ಪರವಾಗಿ. ವಲಸೆ ಹೋದ ಕುಟುಂಬಗಳವರ ಪದಕಗಳನ್ನು ನೆನೆದು ಸುಮ್ಮನಿರದೆ ನೀನಾದ ಕ್ಲಬ್ಬು ಒಳಾಂಗಣ ಟ್ರ್ಯಾಕ್ ಒಂದನ್ನು ಕಟ್ಟಿತು. 2013ರಲ್ಲಿ ಅಥ್ಲೋನ್‌ನ ದೊಡ್ಡ ಒಳಾಂಗಣ ಕ್ರೀಡಾಂಗಣ ತೆರೆಯುವ ಮೊದಲು ಚಳಿಗಾಲದ ಸ್ಪರ್ಧೆಗಳಿಗೆ ಅದು ದೊಡ್ಡ ಆಸರೆಯಾಗಿತ್ತು.

ಟ್ರ್ಯಾಕ್‌ಗೆ ಅನುದಾನ ಸಿಗುತ್ತದೆ, ಮಂಗಳವಾರ ಸಂಜೆ ಮಳೆಯಲ್ಲಿ ನಿಂತು ಹೇಳಿಕೊಡುವವರಿಗೆ ಸಿಗುವುದಿಲ್ಲ. ಇಂದಿನ ನಿಜವಾದ ಇಕ್ಕಟ್ಟು ಇದೇ. ಹೆಸರು ಹಚ್ಚಲು ಮಕ್ಕಳು ಬರುತ್ತಾರೆ. ಗುಂಪಿಗೆ ಇಷ್ಟು ಮಕ್ಕಳಿಗೆ ಇಷ್ಟು ಹಿರಿಯರು ಎಂಬ ಸುರಕ್ಷತಾ ಲೆಕ್ಕಕ್ಕೆ ಹಿರಿಯರು ಸಾಲದೆ ಮಕ್ಕಳನ್ನು ಕಾಯುವ ಪಟ್ಟಿಯಲ್ಲಿ ಇಡಬೇಕಾಗುತ್ತದೆ. ಆಸ್ಪತ್ರೆ ಮತ್ತು ಐಟಿ ಕೆಲಸಗಳಿಗಾಗಿ ಐರ್ಲೆಂಡಿಗೆ ಹೋಗಿ ಸಣ್ಣ ಊರುಗಳಲ್ಲಿ ನೆಲೆಸಿದ ಭಾರತೀಯ ಕುಟುಂಬಗಳು, ಕನ್ನಡಿಗರೂ ಸೇರಿ, ಇದನ್ನು ತಿಳಿದಿದ್ದರೆ ಒಳ್ಳೆಯದು. ಮಗುವನ್ನು ಬಿಟ್ಟು ಕಾರಿನಲ್ಲಿ ಕಾಯುವ ಬದಲು ಗಾರ್ಡಾ ಪರಿಶೀಲನೆಯ ಅರ್ಜಿ ತುಂಬಿ, ಆರಂಭಿಕ ತರಬೇತುದಾರರ ಕೋರ್ಸಿಗೆ ಹೆಸರು ಕೊಡಬಹುದು. ಅದಕ್ಕೆ ಹಳೆಯ ಓಟಗಾರರೇ ಆಗಿರಬೇಕೆಂದಿಲ್ಲ. ಹಾಗೆ ಒಬ್ಬ ಹಿರಿಯರು ಸೇರಿದರೆ ಕಾಯುವ ಪಟ್ಟಿಯಲ್ಲಿರುವ ಇನ್ನಷ್ಟು ಮಕ್ಕಳಿಗೆ ಜಾಗವಾಗುತ್ತದೆ.