ಕ್ಯಾನ್ಸರ್ ಜೀನ್ ಇದ್ದರೂ ಕ್ಯಾನ್ಸರ್ ಆಗದ ಗೆಡ್ಡೆ

ಉಂಗುರ ಬಿಗಿಯಾಗುತ್ತದೆ. ಚಪ್ಪಲಿಯ ಸೈಜ್ ದೊಡ್ಡದಾಗುತ್ತದೆ. ದವಡೆ ಮುಂದೆ ಬಂದು ಹಲ್ಲುಗಳ ನಡುವೆ ಸಂದು ಬೀಳುತ್ತದೆ. ಎಲ್ಲವೂ ಎಷ್ಟು ನಿಧಾನ ಅಂದರೆ, ದಿನಾ ನೋಡುವ ಮನೆಯವರಿಗೂ ಗೊತ್ತಾಗುವುದಿಲ್ಲ. ಆಕ್ರೊಮೆಗಲಿ ಎಂಬ ಈ ಕಾಯಿಲೆ ಪತ್ತೆಯಾಗಲು ಎಷ್ಟೋ ಸಲ ವರ್ಷಗಳೇ ಹಿಡಿಯುತ್ತವೆ. ಮೆದುಳಿನ ಬುಡದಲ್ಲಿರುವ, ಸುಮಾರು ಅರ್ಧ ಗ್ರಾಂ ತೂಕದ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಬೆಳೆದು, ಬೆಳವಣಿಗೆಯ ಹಾರ್ಮೋನು ಜಾಸ್ತಿಯಾದಾಗ ಹೀಗಾಗುತ್ತದೆ.

ಇಂಥ ಗೆಡ್ಡೆಗಳಲ್ಲಿ ಸುಮಾರು 40% ರಲ್ಲಿ ಕೆಟ್ಟಿರುವುದು ಒಂದೇ ಜೀನ್, ಜಿಎನ್‌ಎಎಸ್. ಇದು ತಯಾರಿಸುವ ಪ್ರೋಟೀನು ಜೀವಕೋಶದೊಳಗಿನ ಒಂದು ಸ್ವಿಚ್. ಮೆದುಳಿನಿಂದ ಸಂದೇಶ ಬಂದಾಗ ಅದು ಜಿಟಿಪಿ ಎಂಬ ಅಣುವನ್ನು ಹಿಡಿದು ಆನ್ ಆಗುತ್ತದೆ. ಸ್ವಲ್ಪ ಹೊತ್ತಿಗೆ ಆ ಜಿಟಿಪಿಯನ್ನು ತಾನೇ ಕತ್ತರಿಸಿ ಆಫ್ ಆಗುತ್ತದೆ. ಪ್ರೋಟೀನಿನ 201ನೇ ಅಥವಾ 227ನೇ ಅಮೈನೊ ಆಮ್ಲ ಬದಲಾದರೆ ಕತ್ತರಿಸುವ ಶಕ್ತಿ ಹೋಗಿಬಿಡುತ್ತದೆ. ಅಷ್ಟೇ ಸಾಕು, ಸ್ವಿಚ್ ಆನ್ ಆಗಿಯೇ ಉಳಿಯುತ್ತದೆ. ಈ ಜೀವಕೋಶಗಳಲ್ಲಿ 'ಹಾರ್ಮೋನು ಬಿಡು' ಅನ್ನುವುದಕ್ಕೂ 'ಎರಡಾಗು' ಅನ್ನುವುದಕ್ಕೂ ಇದೇ ಸಂಕೇತ. ಹಾಗಾಗಿ ಗೆಡ್ಡೆಯೂ ಬೆಳೆಯುತ್ತದೆ, ಹಾರ್ಮೋನೂ ಏರುತ್ತದೆ. 1987ರಲ್ಲಿ ಈ ಪ್ರೋಟೀನಿನ ಅತಿಯಾದ ಚಟುವಟಿಕೆ ಕಂಡುಬಂತು. 1989ರಲ್ಲಿ ಅದರ ಹಿಂದಿನ ಜೀನ್ ದೋಷವೂ ಸಿಕ್ಕಿತು.

ಪಿಟ್ಯುಟರಿ ಗೆಡ್ಡೆಯಿಂದಲೇ ಬರುವ ಇನ್ನೊಂದು ಕಾಯಿಲೆ ಕುಶಿಂಗ್, ಇದರಲ್ಲಿ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಜಾಸ್ತಿಯಾಗುತ್ತದೆ. ಇದರ ಹಲವು ಗೆಡ್ಡೆಗಳ ಗುಟ್ಟು ಬಿಚ್ಚಿಕೊಂಡದ್ದು 2015ರಲ್ಲಿ. ಜೀವಕೋಶದ ಮೈಮೇಲೆ ಬೆಳವಣಿಗೆಯ ಸಂಕೇತ ಹಿಡಿಯುವ ಇಜಿಎಫ್‌ಆರ್ ಎಂಬ ಗ್ರಾಹಕವಿದೆ. ಕೆಲಸ ಮುಗಿದ ಮೇಲೆ ಅದಕ್ಕೊಂದು ಗುರುತು ಅಂಟುತ್ತದೆ, ಆಮೇಲೆ ಜೀವಕೋಶ ಅದನ್ನು ನಾಶಮಾಡುತ್ತದೆ. ಯುಎಸ್‌ಪಿ8 ಜೀನ್ ಕೆಟ್ಟಾಗ ಅದರ ಪ್ರೋಟೀನು ಆ ಗುರುತನ್ನು ಕಿತ್ತುಹಾಕುತ್ತಲೇ ಇರುತ್ತದೆ. ಹೋಗಬೇಕಾದ ಗ್ರಾಹಕ ಹೋಗುವುದೇ ಇಲ್ಲ.

ನನಗೆ ಎಲ್ಲಕ್ಕಿಂತ ಸೋಜಿಗ ಅನ್ನಿಸುವುದು ಪಿಟಿಟಿಜಿ. 1997ರಲ್ಲಿ ಇಲಿಯ ಪಿಟ್ಯುಟರಿ ಗೆಡ್ಡೆಯ ಜೀವಕೋಶಗಳಲ್ಲಿ ಸಿಕ್ಕ ಜೀನ್ ಇದು. ಜೀವಕೋಶ ಎರಡಾಗುವಾಗ ಜೋಡಿ ಕ್ರೋಮೋಸೋಮ್‌ಗಳು ಹೊತ್ತಿಗೆ ಮುಂಚೆ ಬೇರೆಯಾಗದಂತೆ ತಡೆಯುವುದು ಇದರ ಪ್ರೋಟೀನಿನ ಕೆಲಸ. ಅದು ಅತಿಯಾದರೆ ಹಂಚಿಕೆ ತಪ್ಪುತ್ತದೆ, ಕ್ರೋಮೋಸೋಮ್‌ಗಳ ಲೆಕ್ಕವೇ ಕೆಡುತ್ತದೆ. ಬೇರೆ ಅಂಗಗಳ ಕ್ಯಾನ್ಸರ್‌ಗಳಲ್ಲೂ ಇದು ಜಾಸ್ತಿ ಕಾಣುತ್ತದೆ. ಇಷ್ಟಾದ ಮೇಲೆ ಪಿಟ್ಯುಟರಿಯಲ್ಲೂ ಕ್ಯಾನ್ಸರ್ ಸಾಮಾನ್ಯವಾಗಿರಬೇಕು, ಅಲ್ವಾ? ಆದರೆ ಇಲ್ಲಿನ ಗೆಡ್ಡೆಗಳಲ್ಲಿ ದೇಹದ ಬೇರೆ ಕಡೆ ಹರಡುವವು 1%ಗಿಂತಲೂ ಕಡಿಮೆ. ಇದಕ್ಕೆ ಒಂದು ಕಾರಣ ಪಿ21 ಎಂಬ ಪ್ರೋಟೀನು. ಡಿಎನ್‌ಎಗೆ ಹಾನಿಯಾದದ್ದು ತಿಳಿದೊಡನೆ ಪಿಟ್ಯುಟರಿ ಜೀವಕೋಶದಲ್ಲಿ ಪಿ21 ಏರುತ್ತದೆ. ಜೀವಕೋಶ ಸಾಯುವುದಿಲ್ಲ, ಹಾರ್ಮೋನು ತಯಾರಿಸುವುದನ್ನೂ ಬಿಡುವುದಿಲ್ಲ. ಎರಡಾಗುವುದನ್ನು ಮಾತ್ರ ನಿಲ್ಲಿಸುತ್ತದೆ.

ಹಾಗಂತ ಸುಮ್ನೆ ಬಿಡುವ ಗೆಡ್ಡೆಯಲ್ಲ ಇದು. ಕಣ್ಣಿನ ನರಗಳು ಗ್ರಂಥಿಯ ಮೇಲೆಯೇ ಹಾದುಹೋಗುತ್ತವೆ. ಗೆಡ್ಡೆ ಒತ್ತಿದರೆ ಅಕ್ಕಪಕ್ಕದ ನೋಟ ಮಂಕಾಗಬಹುದು.

ಗೆಡ್ಡೆ ಅಂತ ಗೊತ್ತಾದಾಗ ತಂದೆತಾಯಿಗೆ ಮೊದಲು ಕಾಡುವ ಪ್ರಶ್ನೆ, 'ಮಕ್ಕಳಿಗೂ ಬರುತ್ತಾ?'. ಮೇಲೆ ಹೇಳಿದ ಜಿಎನ್‌ಎಎಸ್, ಯುಎಸ್‌ಪಿ8 ದೋಷಗಳು ಸಾಮಾನ್ಯವಾಗಿ ಗೆಡ್ಡೆಯ ಜೀವಕೋಶಗಳಲ್ಲಷ್ಟೇ ಇರುತ್ತವೆ, ಮಕ್ಕಳಿಗೆ ದಾಟುವುದಿಲ್ಲ. ಗೆಡ್ಡೆಯನ್ನು ತಡೆಯಬೇಕಾದ ಎಂಇಎನ್1, ಎಐಪಿ ಜೀನ್‌ಗಳ ದೋಷ ಮಾತ್ರ ವಂಶದಲ್ಲಿ ಹರಿದು ಬರಬಹುದು. ಚಿಕ್ಕ ವಯಸ್ಸಿನಲ್ಲೇ ಗೆಡ್ಡೆ ಬಂದಿದ್ದರೆ, ಅಥವಾ ಒಂದೇ ಕುಟುಂಬದ ಇಬ್ಬರಿಗೆ ಬಂದಿದ್ದರೆ, ಜೀನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು.